ಅವ್ವನ ಕೈಗೆಟಕುವ ಗೂಟ

ಶಿರಾದ ನಮ್ಮ ತವರುಮನೆಯಲ್ಲಿ ಹಿತ್ತಲ ಬಾಗಿಲು ದಾಟಿದರೆ ಎಡಕ್ಕೆ ಕುದುರೆ ಕಟ್ಟುವ ಚಪ್ಪರ, ಬಲಕ್ಕೊಂದು ಪುಟ್ಟ ಕೋಣೆ. ಇಬ್ಬರು ಒಟ್ಟಿಗೆ ಒಳಗೆ ಹೋದರೆ, ಒಬ್ಬರು ಹಿಂದಕ್ಕೆ ತಿರುಗಬೇಕೆಂದರೂ ಇನ್ನೊಬ್ಬರು ಹೊರಗೆ ಬರಬೇಕು. ಅಷ್ಟೇ ಅದರ ಅಗಲ. ಜೀನು, ಲಗಾಮು, ಕಡಿವಾಣ, ಗೆಜ್ಜೆಸರ, ಮೈ ಉಜ್ಜುವ ಬ್ರಷ್ಷು, ಹುರುಳಿ ನೆನೆಹಾಕುವ ಬಕೆಟ್ಟು, ಕುದುರೆಗೆ ಬೇಕಾದದ್ದೆಲ್ಲ ಅಲ್ಲೇ ಇರುತ್ತಿತ್ತು. ನಾವು ಅದನ್ನು ಸಾಮಾನಿನ ಕೋಣೆ ಎಂದೇ ಕರೆಯುತ್ತಿದ್ದೆವು.

ಅಪ್ಪ ಜಟಕಾ ಹೊಡೆಯುತ್ತಿದ್ದ. ಬಸ್ ಸ್ಟ್ಯಾಂಡಿನ ಎದುರಿನ ಹುಣಸೆಮರದ ಕೆಳಗೆ ಗಾಡಿ ನಿಲ್ಲಿಸಿಕೊಂಡು, ಸಂತೆಗೆ ಬಂದವರನ್ನೂ ಆಸ್ಪತ್ರೆಗೆ ಹೋಗುವವರನ್ನೂ ಸುತ್ತಲ ಹಳ್ಳಿಗಳಿಗೆ ಬಿಟ್ಟು ಬರುತ್ತಿದ್ದ. ಸಂಜೆ ಗಾಡಿ ಮನೆಗೆ ಬಂದರೆ ಕುದುರೆಯ ಮೈಮೇಲಿಂದ ಒಂದೊಂದೇ ಪಟ್ಟಿ ಬಿಚ್ಚಿ ಅವ್ವನ ತೋಳಿಗೆ ಹಾಕುತ್ತಿದ್ದ. ಅವ್ವ ಅವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಹೊಂಗೆ ಎಣ್ಣೆ ಸವರಿ, ಕೋಣೆಯೊಳಗೆ ತೂಗುಹಾಕುತ್ತಿದ್ದಳು. ಆ ಕೋಣೆಯ ವಾಸನೆ ನನಗೆ ಇವತ್ತಿಗೂ ನೆನಪಿದೆ. ಚರ್ಮ, ಎಣ್ಣೆ, ಕುದುರೆಯ ಬೆವರು, ನೆನೆದ ಹುರುಳಿ. ಶಾಲೆಯಲ್ಲಿ ಪಕ್ಕದ ಹುಡುಗಿಯರು ಮೂಗು ಮುಚ್ಚಿಕೊಂಡು ನನ್ನಿಂದ ಸ್ವಲ್ಪ ಸರಿದು ಕೂರುತ್ತಿದ್ದರು. ನನಗೆ ಅದು ಮನೆಯ ವಾಸನೆ.

ಆಟೋಗಳು ಬಂದ ಮೇಲೆ ಜಟಕಾ ಹೋಯಿತು. ಅಪ್ಪ ಕಡಲೆಕಾಯಿ ಮಂಡಿಯಲ್ಲಿ ಮೂಟೆ ಹೊತ್ತ. ಎಷ್ಟೋ ವರ್ಷಗಳಾದ ಮೇಲೆ ನನ್ನ ತಮ್ಮ ದೊಡ್ಡವನಾಗಿ ತಾನೇ ಒಂದು ಆಟೋ ಕೊಂಡ. ಆಮೇಲೆ ಮದುವೆ ಮೆರವಣಿಗೆಗೆ ಬಾಡಿಗೆ ಕೊಡಲೆಂದು ಒಂದು ಬಿಳಿ ಕುದುರೆಯನ್ನೂ ತಂದ. ಆಗ ಅಪ್ಪನ ಮುಖದಲ್ಲಿ ಕಂಡ ಕಳೆಯನ್ನು ನಾನು ನಮ್ಮಿಬ್ಬರ ಮದುವೆಗಳಲ್ಲೂ ಕಂಡಿರಲಿಲ್ಲ. ಅಪ್ಪ ಇರುವವರೆಗೂ ಆ ಕೋಣೆ ಮತ್ತೆ ಮೊದಲಿನ ಹಾಗೇ ಇತ್ತು. ಅಪ್ಪ ತೀರಿಕೊಂಡ ಮೇಲೆ ಅವ್ವ ಅದರೊಳಗೆ ಕಾಲಿಡಲಿಲ್ಲ. ವಯಸ್ಸಾಯಿತು, ಮಂಡಿನೋವು ಎಂದು ನಾವು ಅಂದುಕೊಂಡೆವು. ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮನೆಯಲ್ಲಿ ಜಾಗ ಸಾಲದ ಸಾಮಾನುಗಳೆಲ್ಲ ಒಂದೊಂದಾಗಿ ಅಲ್ಲಿಗೆ ಸೇರಿಕೊಂಡವು.

ಹೋದ ಬೇಸಿಗೆಯಲ್ಲಿ ಆದದ್ದನ್ನು ಹೇಳಬೇಕು. ನಾನು ಮದುವೆಯಾಗಿ ಮಧುಗಿರಿಯಲ್ಲಿದ್ದೇನೆ. ಬೆಟ್ಟದ ಕಡೆ ಮುಖ ಮಾಡಿರುವ ಒಂದು ಸಣ್ಣ ಮಳಿಗೆಯಲ್ಲಿ ರವಿಕೆ, ಲಂಗ ಹೊಲಿಯುತ್ತೇನೆ. ಒಂದು ಬೆಳಗ್ಗೆ ಮಷೀನಿನ ಮುಂದೆ ಕೂತಿದ್ದಾಗ ತಮ್ಮನ ಹೆಂಡತಿಯ ಫೋನು ಬಂತು.

"ಅಕ್ಕ, ನೀವು ಒಸಿ ಬಂದ್ ಹೋಗ್ರಿ. ಇವ್ರು ಕುದ್ರೆ ಮಾರ್ತೀನಿ ಅಂತ ಕುಂತವ್ರೆ. ಬುಕ್ಕಾಪಟ್ಟಣದ ಕಡೇರು ಯಾರ್ಗೋ ಫೋನೂ ಮಾಡ್ಬುಟ್ಟವ್ರೆ. ಅತ್ತೆ ನೋಡಿದ್ರೆ ಬಾಯೇ ಬುಡ್ತಾ ಇಲ್ಲ."

"ಯಾಕೆ, ಏನಾಯ್ತು?" ಅಂದೆ.

ಅವಳು ಹೇಳುತ್ತಾ ಹೇಳುತ್ತಾ ನಡುವೆ ನಕ್ಕಳು, ನಕ್ಕಿದ್ದಕ್ಕೆ ತಾನೇ ಬೇಸರಪಟ್ಟುಕೊಂಡಳು. ತಾವರೆಕೆರೆಯಲ್ಲಿ ಒಂದು ಮದುವೆ. ಸಂಜೆ ದೇವಸ್ಥಾನದಿಂದ ಛತ್ರಕ್ಕೆ ಗಂಡಿನ ಮೆರವಣಿಗೆ. ಬ್ಯಾಂಡ್ ಸೆಟ್ಟಿನವರು ಶುರು ಮಾಡಿದ್ದಾರೆ, ಗಂಡು ಸೂಟು ಹಾಕಿ ಪೇಟ ಕಟ್ಟಿಕೊಂಡು ಬಂದಿದ್ದಾನೆ. ರಿಕಾಪಿನಲ್ಲಿ ಕಾಲಿಟ್ಟು ಮೇಲೆ ಹತ್ತಿದವನು ಇನ್ನೇನು ಸರಿಯಾಗಿ ಕೂರಬೇಕು, ಅಷ್ಟರಲ್ಲಿ ಜೀನು ಬಿಗಿದಿದ್ದ ಹೊಟ್ಟೆಪಟ್ಟಿ ಪಟ್ಟನೆ ಹರಿಯಿತು. ಜೀನು ಪಕ್ಕಕ್ಕೆ ವಾಲಿತು. ಗಂಡು ಅದರ ಜೊತೆಗೇ ವಾಲಿ, ಡ್ರಮ್ ಬಾರಿಸುವವನ ಮೇಲೆ ಬಿದ್ದ. ಪೇಟ ಕುದುರೆಯ ಕಾಲಡಿಗೆ ಉರುಳಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಕುದುರೆ ಒಂದು ಹೆಜ್ಜೆಯನ್ನೂ ಕದಲಿಸದೆ ನಿಂತುಬಿಟ್ಟಿತಂತೆ, ಇಲ್ಲದಿದ್ದರೆ ಕಥೆಯೇ ಬೇರೆಯಾಗುತ್ತಿತ್ತು. ಆದರೆ ಹೆಣ್ಣಿನ ಕಡೆಯವರೆಲ್ಲ ಮೊಬೈಲು ಹಿಡಿದು ನಿಂತಿದ್ದರು. ಗಂಡಿನ ಸೋದರಮಾವ ಜನರೆದುರಿಗೇ ತಮ್ಮನಿಗೆ ಬಾಯಿಗೆ ಬಂದಂತೆ ಬೈದು, ಬಾಡಿಗೆಯನ್ನೂ ಕೊಡದೆ ಅಟ್ಟಿದ.

ಅಂದು ಮಧ್ಯಾಹ್ನವೇ ಬಡವನಹಳ್ಳಿ ಮೇಲೆ ಹೋಗುವ ಬಸ್ಸು ಹತ್ತಿ ಶಿರಾ ಸೇರಿದೆ.

ತಮ್ಮ ಜಗಲಿಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ. ಆಟೋ ಅಲ್ಲೇ ನಿಂತಿತ್ತು, ಬಾಡಿಗೆಗೆ ಹೋಗಿರಲಿಲ್ಲ. ನನ್ನನ್ನು ಕಂಡವನೇ, "ಅಕ್ಕ, ನೀನೇನೂ ಹೇಳಕ್ ಬರ್ಬೇಡ. ಅದೆಲ್ಲ ತೀರ್ಮಾನ ಆಗೋಗದೆ," ಅಂದ.

"ನಾನೇನೂ ಹೇಳಕ್ ಬಂದಿಲ್ಲ ಕಣ್ಲಾ. ಅವ್ವನ್ನ ನೋಡ್ಬೇಕು ಅನ್ನುಸ್ತು, ಬಂದೆ."

ಅವ್ವ ಹಿತ್ತಲಲ್ಲಿ ಮೊರದಲ್ಲಿ ಹುರುಳಿ ಕೇರುತ್ತಿದ್ದಳು. ಹಣೆಯ ಮೇಲಿನ ವಿಭೂತಿ ಬೆವರಿಗೆ ಕರಗಿ ಹುಬ್ಬಿನವರೆಗೆ ಇಳಿದಿತ್ತು. ನಾನು ಪಕ್ಕದಲ್ಲಿ ಕೂತು ಕಲ್ಲು ಆರಿಸತೊಡಗಿದೆ. ಸ್ವಲ್ಪ ಹೊತ್ತಾದ ಮೇಲೆ ಅವಳು, ಜಗಲಿಯ ಮೇಲಿದ್ದ ಮಗನಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

"ಮಾರ್ಲಿ ಬುಡಮ್ಮ. ಕುದ್ರೆ ಅವುಂದು, ಇಷ್ಟ ಅವುಂದು. ಆದ್ರೆ ಮಾರೋಕ್ ಮುಂಚೆ ಆ ಕೋಣೇನ ಬರಿದು ಮಾಡ್ಲಿ. ಹರ್ದೋಗಿರೋ ಸಾಮಾನ್ ಜತೆ ಕುದ್ರೆ ಕೊಟ್ರೆ, ತಗಂಡೋನೂ ಬೀಳ್ತಾನೆ."

ಮಾರನೆಯ ದಿನ ಬೆಳಗ್ಗೆ ನಾನು ಕಾಫಿ ಕುಡಿಯುತ್ತಿರುವಾಗ ಸಾಮಾನಿನ ಕೋಣೆಯ ಬಾಗಿಲು ತಳ್ಳುವ ಸದ್ದು ಕೇಳಿಸಿತು. ಬಾಗಿಲು ಅರ್ಧಕ್ಕಿಂತ ಹೆಚ್ಚು ತೆರೆಯಲೇ ಇಲ್ಲ. ಹಿಂದೆ ಏನೋ ಅಡ್ಡ ಬಿದ್ದಿತ್ತು. ತಮ್ಮ ಮೈಯನ್ನು ಓರೆ ಮಾಡಿಕೊಂಡು ಒಳಗೆ ನುಸುಳಿದ, ಕೈಗೆ ಸಿಕ್ಕಿದ್ದನ್ನೆಲ್ಲ ಹೊರಗೆ ಕೊಡತೊಡಗಿದ. ನಾನೂ ಅವನ ಹೆಂಡತಿಯೂ ತೆಗೆದುಕೊಂಡು ಅಂಗಳದಲ್ಲಿ ಹರಡಿದೆವು.

ಏನೇನು ಬಂತು ಆ ಗೂಡಿನಿಂದ! ಆಟೋದ ಹರಿದ ಸೀಟು, ತಿರುಗದ ಮಿಕ್ಸಿ, ಮಕ್ಕಳು ಮಲಗುತ್ತಿದ್ದ ಮರದ ತೊಟ್ಟಿಲಿನ ಮುರಿದ ಚೌಕಟ್ಟು, ಯಾವುದೋ ಚುನಾವಣೆಯ ದೊಡ್ಡ ಫ್ಲೆಕ್ಸು, ಇಲಿ ಕೊರೆದ ರಾಗಿ ಚೀಲಗಳು, ಮದುವೆ ಅಲಂಕಾರದ ಥರ್ಮೋಕೋಲು, ಬಣ್ಣದ ಖಾಲಿ ಡಬ್ಬಗಳು. ಇವುಗಳ ಸಂದಿಯಲ್ಲೆಲ್ಲೋ ಕುದುರೆಯ ಸಾಮಾನು. ಜರಿಯ ಹೊದಿಕೆಯನ್ನು ಸೀಮೆಎಣ್ಣೆ ಕ್ಯಾನಿನ ಮೇಲೆ ಹಾಸಿತ್ತು. ಲಗಾಮು ಒಣಗಿ, ಮುಟ್ಟಿದರೆ ಹಪ್ಪಳದಂತೆ ಮುರಿಯುವಂತಿತ್ತು. ಹೊಟ್ಟೆಪಟ್ಟಿಯ ಉಳಿದರ್ಧವನ್ನು ತಮ್ಮ ಹೊರಗೆ ಎಸೆದಾಗ ಅವ್ವ ಕೈಗೆತ್ತಿಕೊಂಡು ಹರಿದ ತುದಿಯನ್ನು ಬೆರಳಿನಿಂದ ಸವರಿದಳು.

"ಹರ್ದಿದ್ದಲ್ಲ ಇದು. ಇಲಿ ಮುಕ್ಕಾಲ್ ಪಾಲು ತಿಂದಿತ್ತು, ಕಾಲ್ ಪಾಲು ಆ ಮದ್ಮಗ ಹರ್ದ," ಅಂದಳು.

ಸೊಸೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಆ ಕಡೆ ತಿರುಗಿದಳು. ತಮ್ಮನೂ ನಗಬೇಕೋ ಬೇಡವೋ ಎಂಬಂತೆ ನಿಂತಿದ್ದು, ಮತ್ತೆ ಒಳಗೆ ಹೋದ.

ಯಾವುದನ್ನು ಇಡಬೇಕು, ಯಾವುದನ್ನು ಎಸೆಯಬೇಕು ಎಂಬುದೇ ಒಂದು ಜಗಳವಾಯಿತು. ಮಿಕ್ಸಿಯನ್ನು ರಿಪೇರಿ ಮಾಡಿಸುತ್ತೇನೆ ಎಂದು ಸೊಸೆ. ಆಟೋ ಸೀಟನ್ನು ಮತ್ತೆ ಹೊಲಿಸುತ್ತೇನೆ ಎಂದು ತಮ್ಮ. ಇಬ್ಬರೂ ಇನ್ನೊಬ್ಬರದ್ದನ್ನು ಗುಜರಿಗೆ ಹಾಕಲು ತಯಾರು, ತಮ್ಮದನ್ನು ಮಾತ್ರ ಬಿಡರು. ಕೊನೆಗೆ ಅವ್ವ, "ಕುದ್ರೆ ಮೈಮ್ಯಾಲೆ ಏರೋದು ಈ ಕಡೀಕೆ, ಏರ್ದೇ ಇರೋದು ಆ ಕಡೀಕೆ. ಇನ್ನೇನ್ ಮಾತು?" ಅಂದಳು. ಅಲ್ಲಿಗೆ ಮಿಕ್ಸಿಯೂ ಸೀಟೂ ಒಂದೇ ಕಡೆ ಬಿದ್ದವು.

ಅಷ್ಟರಲ್ಲಿ ತಮ್ಮ ತೀರಾ ಮೂಲೆಯಿಂದ ಒಂದು ಹಗ್ಗದ ಸುರುಳಿ ತಂದ. ಮುಖಕ್ಕೆ ಹಾಕಿ ಕುದುರೆಯನ್ನು ಹಿಡಿಯುವ ಹಗ್ಗ. ಹತ್ತಿಯ ನೂಲಿನಿಂದ ಹೆಣೆದದ್ದು, ಕೈ ಹಿಡಿಯುವ ಜಾಗ ಕಪ್ಪಗಾಗಿ ನುಣುಪಾಗಿತ್ತು.

"ಇದು ಯಾವುದು? ನಮ್ ಕುದ್ರೇದಲ್ಲ," ಅಂದ.

ನನಗೆ ನೋಡಿದ ಕೂಡಲೇ ಗೊತ್ತಾಯಿತು. ಅವನಿಗೆ ಗೊತ್ತಿರಲು ಸಾಧ್ಯವಿರಲಿಲ್ಲ, ಆಗ ಅವನಿನ್ನೂ ತೊಟ್ಟಿಲಲ್ಲಿದ್ದ. ಜಟಕಾದ ಕುದುರೆಯ ಹಗ್ಗ ಅದು. ನಾನು ಅಂಗಳದಲ್ಲೇ, ಆ ಸಾಮಾನುಗಳ ನಡುವೆ ಕೂತು ಅವನಿಗೆ ಆ ಕಥೆ ಹೇಳಿದೆ.

ಅಪ್ಪನ ಜಟಕಾ ಕುದುರೆ ಕಂದು ಬಣ್ಣದ್ದು, ಹಣೆಯಲ್ಲಿ ಬಿಳಿ ಮಚ್ಚೆ. ಅದನ್ನು ಕೊಂಡವರು ಪಾವಗಡದವರು. ಸಾಕಿದ ಪ್ರಾಣಿಯನ್ನು ಕೊಡುವಾಗ ಹಳೆಯ ಹಗ್ಗ ಕೊಡಬಾರದು ಎಂದು ನಮ್ಮಲ್ಲಿ ನಂಬಿಕೆ. ಅವರು ಹೊಸ ಹಗ್ಗ ತಂದಿದ್ದರು. ಅಪ್ಪ ನಮ್ಮ ಹಗ್ಗ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು, ಕುದುರೆ ರಸ್ತೆಯ ತಿರುವು ದಾಟುವವರೆಗೂ ನಿಂತಿದ್ದ. ಆಮೇಲೆ ಮಂಡಿಗೆ ಕೆಲಸಕ್ಕೆ ಹೋಗತೊಡಗಿದ. ಆದರೆ ಬೆಳಗ್ಗೆ ಎದ್ದವನು ಮೊದಲು ಖಾಲಿ ಚಪ್ಪರದ ಕಡೆಗೇ ಹೋಗಿ, ಅಲ್ಲಿ ಏನು ಮಾಡಬೇಕೆಂದು ತಿಳಿಯದೆ ವಾಪಸು ಬರುತ್ತಿದ್ದ. ಒಂದು ಭಾನುವಾರ ಇದ್ದಕ್ಕಿದ್ದಂತೆ ನನಗೆ, "ಬಾ ಮಗ, ಪಾವಗಡಕ್ ಹೋಗ್ಬುಟ್ ಬರಾನ," ಅಂದ. ಯಾಕೆಂದು ನಾನು ಕೇಳಲಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಲು ಸಿಗುತ್ತದೆ ಎಂಬುದೇ ನನಗೆ ದೊಡ್ಡದಾಗಿತ್ತು.

ಬಿಸಿಲು, ಬಂಡೆ, ಜಾಲಿ. ಆ ದಾರಿಯಲ್ಲಿ ನೆರಳು ಕಂಡ ನೆನಪಿಲ್ಲ. ಊರಾಚೆ ಕುದುರೆಯವರ ಮನೆ ಹುಡುಕಿಕೊಂಡು ಹೋದಾಗ ಅವರು ಗಾಡಿ ಕಟ್ಟಿ ಹೊರಡುವುದರಲ್ಲಿದ್ದರು. ಅಪ್ಪನನ್ನು ಕಂಡು, ತೆಲುಗು ಬೆರೆಸಿ ಮಾತಾಡುತ್ತಾ, ನಗುತ್ತಾ ಬಂದರು.

"ರಾ ಸಾಮೀ, ರಾ! ಚೆನ್ನಾಗ್ ಬಂದ್ರಿ. ನಿಮ್ ಗುರ್ರಂ ಬಲೇ ಮೊಂಡಿ ಸಾಮಿ. ಬಲಗಡೆ ಆದ್ರೆ ತಿರುಗ್ತದೆ, ಎಡಗಡೆ ಅಂದ್ರೆ ಕದಲ್ದು. ಏಂ ಮಾಡೋದು ಹೇಳಿ?"

ಅಪ್ಪ ನೇರವಾಗಿ ಕುದುರೆಯ ಹತ್ತಿರ ಹೋದ. ಅದು ಮೂಗನ್ನು ಅವನ ಎದೆಗೆ ಒತ್ತಿ, ಅಂಗಿಯ ಜೇಬನ್ನು ಮೂಸಿತು. ಬೆಲ್ಲ ಇದೆಯೋ ಎಂದು ನೋಡುವ ಹಳೆಯ ಅಭ್ಯಾಸ. ಅಪ್ಪ ಕೊರಳಪಟ್ಟಿಯ ಕೆಳಗೆ ಕೈ ತೂರಿಸಿ ಎಡಭುಜದ ಹತ್ತಿರ ಬೆರಳಾಡಿಸಿದ. ಕುದುರೆಯ ಚರ್ಮ ನಡುಗಿತು. ಹೊಸ ಪಟ್ಟಿ ಅಲ್ಲಿ ಒತ್ತಿ, ಕೂದಲು ಹೋಗಿ ಕೆಂಪಗಾಗಿತ್ತು. ಅಪ್ಪ ಹೆಗಲ ಮೇಲಿದ್ದ ಟವಲನ್ನು ತೆಗೆದು, ಮಡಿಸಿ ಮಡಿಸಿ ಮೆತ್ತೆಯಂತೆ ಮಾಡಿ, ಪಟ್ಟಿಯ ಕೆಳಗೆ ಇಟ್ಟು ದಾರದಿಂದ ಬಿಗಿದ. ಆಮೇಲೆ ನಾಲಿಗೆಯಲ್ಲಿ ಒಂದು ಸದ್ದು ಮಾಡಿದ, ದಿನವೂ ನಮ್ಮ ಬೀದಿಯ ತಿರುವಿನಲ್ಲಿ ಮಾಡುತ್ತಿದ್ದ ಸದ್ದು. ಕುದುರೆ ಎಡಕ್ಕೆ ತಿರುಗಿತು.

ಅವರು ಊಟ ಮಾಡಿ ಹೋಗಿ ಎಂದು ಎಷ್ಟು ಬಲವಂತ ಮಾಡಿದರೂ ಅಪ್ಪ ನಿಲ್ಲಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಅವನ ಹೆಗಲು ಬರಿದಾಗಿತ್ತು. ಟವಲಿಲ್ಲದ ಅಪ್ಪನನ್ನು ನಾನು ಹೊರಗೆಲ್ಲೂ ನೋಡಿರಲಿಲ್ಲ. ಅವನ ಅಂಗಿ ಹೆಗಲಲ್ಲಿ ಹರಿದಿದೆ ಎಂದು ಅವತ್ತೇ ನನಗೆ ಗೊತ್ತಾದದ್ದು. ಮನೆಗೆ ಬಂದಾಗ ಅವ್ವ, "ಟವಲ್ಲೆಲ್ಲಿ?" ಅಂದಳು.

"ಕುದ್ರೆಗ್ ಬೇಕಾಯ್ತು."

ಅವ್ವ ಹಳೆಯ ಕೌದಿಯೊಂದನ್ನು ಕತ್ತರಿಸಿ, ಕೊರಳಪಟ್ಟಿಯ ಆಕಾರಕ್ಕೆ ಒಂದು ಮೆತ್ತೆ ಹೊಲಿದಳು. ಪಾವಗಡಕ್ಕೆ ಕಡಲೆಕಾಯಿ ತರಲು ಹೋಗುವ ಲಾರಿಯವರ ಕೈಲಿ ಅಪ್ಪ ಅದನ್ನು ಕಳಿಸಿದ.

ನಾನು ಹೇಳಿ ಮುಗಿಸಿದಾಗ ತಮ್ಮ ಆ ಹಗ್ಗವನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದ. ಅಪ್ಪ ಇದನ್ನು ಅವನಿಗೆ ಹೇಳಿಯೇ ಇರಲಿಲ್ಲವಂತೆ.

ಅವ್ವ ಕೈಲಿದ್ದ ಹೊಟ್ಟೆಪಟ್ಟಿಯನ್ನು ಕೆಳಗಿಟ್ಟಳು. "ಅದಿರ್ಲಿ. ನಿನ್ ಕುದ್ರೆ ಬೆನ್ನ ಮುಟ್ಟಿ ನೋಡಿದೀಯೇನ್ಲಾ?" ಅಂದಳು.

ತಮ್ಮ ಎದ್ದು ಚಪ್ಪರಕ್ಕೆ ಹೋದ. ಬಿಳಿ ಕುದುರೆಯ ಕತ್ತೂ ಬೆನ್ನೂ ಸೇರುವ ಕಡೆ, ಜೀನು ಕೂರುವ ಜಾಗದಲ್ಲಿ, ಅಂಗೈ ಇಟ್ಟು ಮೆಲ್ಲಗೆ ಒತ್ತಿದ. ಕುದುರೆ ಕಿವಿ ಹಿಂದಕ್ಕೆ ಮಾಡಿ, ಬೆಚ್ಚಿದಂತೆ ಪಕ್ಕಕ್ಕೆ ಸರಿಯಿತು. ಅಲ್ಲೊಂದು ಗಂಟು ಎದ್ದಿತ್ತು. ಜೀನಿನ ಕೆಳಗೆ ಹಾಕುವ ಮೆತ್ತೆಯನ್ನು ತಂದು ನೋಡಿದರೆ, ಒಳಗಿನ ಹತ್ತಿಯೆಲ್ಲ ಒಂದು ಮೂಲೆಗೆ ಸೇರಿ ಕಲ್ಲಿನಂತಾಗಿತ್ತು. ಇಷ್ಟು ನೋವಿಟ್ಟುಕೊಂಡೂ ಅದು ಮದುವೆಮನೆಯ ಗದ್ದಲದಲ್ಲಿ ಅಲ್ಲಾಡದೆ ನಿಂತಿತ್ತು. ತಮ್ಮ ಬಹಳ ಹೊತ್ತು ಅದರ ಕತ್ತಿಗೆ ಕೈ ಹಾಕಿಕೊಂಡು ನಿಂತಿದ್ದ. ಆಮೇಲೆ ಬುಕ್ಕಾಪಟ್ಟಣದವರಿಗೆ ಫೋನು ಮಾಡಿದ. "ಅಣ್ಣ, ಈಗ್ಲೇ ಬರ್ಬೇಡಿ. ಕುದ್ರೆಗೆ ಒಸಿ ಹುಷಾರಿಲ್ಲ. ಗಾಯ ವಾಸಿ ಆದ್ಮೇಲೆ ನಾನೇ ಹೇಳ್ತೀನಿ," ಅನ್ನುವುದು ನನಗೆ ಕೇಳಿಸಿತು.

ಕೋಣೆ ಬರಿದಾದ ಮೇಲೆ ಗೋಡೆ ಕೆರೆದು ಸುಣ್ಣ ಬಳಿಯೋಣ ಎಂದುಕೊಂಡೆವು. ಕೈಯಲ್ಲಿ ಕಾಸಿರಲಿಲ್ಲವಾದ್ದರಿಂದ, ಮನೆಯಲ್ಲಿ ಇರುವುದರಲ್ಲೇ ಆಗಬೇಕು ಎಂದು ಮೊದಲೇ ಮಾತಾಗಿತ್ತು. ಸುಣ್ಣ ಹಬ್ಬಕ್ಕೆ ತಂದು ಉಳಿದದ್ದಿತ್ತು. ನಾನು ಹಳೆಯ ಮಗುಚುವ ಕೈಯಿಂದ ಗೋಡೆ ಕೆರೆಯುತ್ತಿದ್ದೆ. ಒಂದು ಕಡೆ ಸುಣ್ಣದ ಪದರ ಕಳಚಿ ಮಣ್ಣು ತುಂಬಿದ ತೂತು ಕಂಡಿತು. ಪಕ್ಕದಲ್ಲಿ ಇನ್ನೊಂದು, ಅದರ ಪಕ್ಕ ಮತ್ತೊಂದು. ಬಾಗಿಲಿನ ಹತ್ತಿರದಿಂದ ಶುರುವಾಗಿ ಮೂರು ಗೋಡೆಗೂ ಒಂದೇ ಸಾಲಿನಲ್ಲಿ ತೂತುಗಳು. ಅಪ್ಪ ಹೊಡೆದಿದ್ದ ಗೂಟಗಳ ಜಾಗ. ಕಬ್ಬಿಣದ ರ್‍ಯಾಕು ಇಡಲೆಂದು ಅಪ್ಪ ತೀರಿಕೊಂಡ ಮೇಲೆ ತಮ್ಮ ಆ ಗೂಟಗಳನ್ನು ಕಿತ್ತು ಹಾಕಿದ್ದ. ಆ ರ್‍ಯಾಕು ತುಕ್ಕು ಹಿಡಿದು ಕುಸಿದು, ಈಗ ಅಂಗಳದಲ್ಲಿ ಬಿದ್ದಿತ್ತು.

ತೂತುಗಳು ನನ್ನ ಹೆಗಲಿಗಿಂತ ಕೆಳಗಿದ್ದವು. ಅಪ್ಪ ಉದ್ದನೆಯ ಮನುಷ್ಯ. ಈ ಕೋಣೆಗೆ ಬರುವಾಗ ತಲೆ ತಗ್ಗಿಸಿಯೇ ಬರಬೇಕಾಗಿತ್ತು.

"ಇಷ್ಟು ತಗ್ಗಿಗ್ ಯಾಕೆ ಹೊಡೆದಿದ್ದ?" ಎಂದು ತಮ್ಮನನ್ನು ಕೇಳಿದೆ.

"ನಾವು ಚಿಕ್ಕೋರಿದ್ವಲ್ಲ, ನಮ್ ಕೈಗೆ ಎಟುಕ್ಲಿ ಅಂತ ಇರ್ಬೇಕು ಅನ್ಕಂಡಿದ್ದೆ. ಅದಕ್ಕೇ ಕಿತ್ತಾಕ್ದೆ, ನಂಗ್ ಬಗ್ಗಿ ಬಗ್ಗಿ ಸಾಕಾಗಿತ್ತು. ಈಗ ಮ್ಯಾಲಕ್ ಹೊಡಿಯಾನ ಬುಡು."

ಸುಣ್ಣ ಬಳಿದ ಮೇಲೆ ತಮ್ಮ ತೊಟ್ಟಿಲಿನ ಕಂಬಿಗಳನ್ನು ಕತ್ತರಿಸಿ ಗೂಟ ಮಾಡಿದ. ತನ್ನ ತಲೆಯ ಎತ್ತರಕ್ಕೆ ಎದುರು ಗೋಡೆಯಲ್ಲಿ ಎರಡು ಗೂಟ ಹೊಡೆದು, ಉಳಿದದ್ದನ್ನು ಊಟವಾದ ಮೇಲೆ ಹೊಡೆಯೋಣ ಎಂದು ನಾವಿಬ್ಬರೂ ಒಳಗೆ ಹೋದೆವು. ಉಣ್ಣುತ್ತಿರುವಾಗ ಹಿತ್ತಲಿಂದ ಕಲ್ಲು ಕುಟ್ಟುವ ಸದ್ದು ಬಂತು. ಯಾರಿರಬಹುದು ಎಂದು ಎದ್ದು ಹೋಗಿ ನೋಡಿದರೆ, ಅವ್ವ ಆ ಕೋಣೆಯೊಳಗಿದ್ದಾಳೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಾಗಿಲ ಪಕ್ಕದ ಹಳೆಯ ತೂತಿನಲ್ಲಿ ಒಂದು ಗೂಟ ಇಟ್ಟು, ಗುಂಡುಕಲ್ಲಿನಿಂದ ಬಡಿಯುತ್ತಿದ್ದಾಳೆ.

"ಅವ್ವಾ, ಇದೇನ್ ಮಾಡ್ತಿದೀಯ? ಕೊಡಿಲ್ಲಿ," ಎಂದು ಕಲ್ಲು ಕಿತ್ತುಕೊಳ್ಳಲು ಹೋದೆ. ಕೊಡಲಿಲ್ಲ.

"ಅಷ್ಟು ಮ್ಯಾಲೆ ಹೊಡದ್ರೆ ನಂಗ್ ಎಟಕ್ತದಾ?" ಅಂದಳು.

ತಮ್ಮನೂ ಎಂಜಲು ಕೈಯಲ್ಲೇ ಬಂದು ನನ್ನ ಹಿಂದೆ ನಿಂತಿದ್ದ. ಅವ್ವ ನಮ್ಮ ಕಡೆ ತಿರುಗಲಿಲ್ಲ, ಗೋಡೆಯನ್ನೇ ನೋಡುತ್ತಾ ಮಾತಾಡಿದಳು.

"ನಾನು ಈ ಮನೀಗ್ ಬಂದ ಹೊಸದ್ರಲ್ಲಿ ಎಲ್ಲಾನೂ ಜಂತೆಗ್ ತೂಗಾಕ್ತಿದ್ರು. ನಾನು ಕುಳ್ಳಿ. ಒರಳ್ ಕಲ್ ಮ್ಯಾಲ್ ಹತ್ತಿ ತೆಗೀತಿದ್ದೆ. ಒಂದ್ ದಿನ ಜಾರಿ ಬಿದ್ದೆ. ಅತ್ತೆ ಮಾವ ಇದ್ರು, ಏನೂ ಮಾತಾಡ್ಲಿಲ್ಲ ನಿಮ್ಮಪ್ಪ. ಮಾರನೇ ದಿನ ನನ್ನ ಇಲ್ಲಿಗ್ ಕರ್ದು, ಗೋಡೆಗ್ ಒರಗಿ ನಿಂತ್ಕ, ಕೈ ಎತ್ತು ಅಂದ. ನಂಗ್ ನಾಚ್ಕೆ, ಹೊರಗೆ ಅತ್ತೆ ಅವ್ರೆ. ಕೈ ಎತ್ದೆ. ನೋವಿಲ್ದಂಗೆ ಎಲ್ಲೀಗಂಟ ಹೋಗ್ತದೆ ಹೇಳು ಅಂದ. ಹೇಳ್ದೆ. ಅಲ್ಲಿ ಇದ್ದಿಲಲ್ಲಿ ಗೀಟ್ ಹಾಕ್ದ. ಅದೇ ಗೀಟ್ ಹಿಡ್ಕಂಡು ಕೋಣೆ ಪೂರ್ತಿ ಗೂಟ ಹೊಡ್ದ. ಸಾಯೋಗಂಟ ತಾನೇ ಬಗ್ಗಿ ಬಗ್ಗಿ ತಗಂಡ."

ಕೋಣೆಯಲ್ಲಿ ಒದ್ದೆ ಸುಣ್ಣದ ವಾಸನೆ ತುಂಬಿತ್ತು. ನಾನು ಅಪ್ಪನನ್ನು ಕಟ್ಟುಮಸ್ತಾದ, ಹೆಚ್ಚು ಮಾತಾಡದ, ಕುದುರೆಯೊಂದಿಗೆ ಮಾತ್ರ ಮೆತ್ತಗಾಗುವ ಮನುಷ್ಯ ಎಂದೇ ತಿಳಿದಿದ್ದೆ. ಅವ್ವನನ್ನು ಅವನು ಹೆಸರು ಹಿಡಿದು ಕರೆದದ್ದನ್ನೂ ನಾನು ಕೇಳಿರಲಿಲ್ಲ. ದಿನಕ್ಕೆ ಹತ್ತಾರು ಸಲ ಓಡಾಡಿದ ಕೋಣೆಯ ಗೋಡೆಯಲ್ಲಿ ಇದು ಇತ್ತು, ನಮಗೆ ಕಂಡಿರಲಿಲ್ಲ.

ತಮ್ಮ ಹೋಗಿ ಕೈ ತೊಳೆದುಕೊಂಡು ಬಂದ. ತಾನು ಮೇಲೆ ಹೊಡೆದಿದ್ದ ಎರಡು ಗೂಟಗಳನ್ನು ಅಲ್ಲಾಡಿಸಿ ಕಿತ್ತ. "ಸರಿ ಕಣವ್ವ. ನೀನ್ ಹಿಡ್ಕ, ನಾನ್ ಬಡೀತೀನಿ," ಅಂದ.

ಅಲ್ಲಿಂದ ಮುಂದೆ ಅವ್ವನೇ ಯಜಮಾನಿ. ಅವಳ ಲೆಕ್ಕ ಸರಳವಾಗಿತ್ತು. ಕುದುರೆಯ ಮೈಮೇಲೆ ಮೊದಲು ಏರುವುದು ಬಾಗಿಲ ಹತ್ತಿರ, ಆಮೇಲಿನದು ಅದರ ಪಕ್ಕ, ಹೀಗೆ ಗೋಡೆ ಸುತ್ತಿ ಬರಬೇಕು. ಮುಖದ ಹಗ್ಗ, ಮೆತ್ತೆ, ಜೀನು, ಹೊಟ್ಟೆಪಟ್ಟಿ, ಕಡಿವಾಣ, ಲಗಾಮು, ಕೊನೆಗೆ ಜರಿ ಹೊದಿಕೆ, ಗೆಜ್ಜೆ, ತಲೆಯ ತುರಾಯಿ. "ಒಂದ್ ಗೂಟ ಬರೀದಾಗದೆ ಅಂದ್ರೆ ಏನೋ ಮರ್ತಿದೀಯ ಅಂತ ಅರ್ಥ. ಕಣ್ಣಾಯ್ಸಿದ್ರೆ ಸಾಕು," ಅಂದಳು.

ಚರ್ಮದ ಪಟ್ಟಿಯನ್ನು ಮೊಳೆಗೆ ನೇತುಹಾಕಿದರೆ ಮಡಿಕೆ ಬಿದ್ದು ಅಲ್ಲೇ ಸೀಳುತ್ತದೆ. ಅದಕ್ಕೆ ಬಣ್ಣದ ಖಾಲಿ ಡಬ್ಬಗಳನ್ನು ಅಡ್ಡಲಾಗಿ ಗೂಟಗಳಿಗೆ ಸಿಕ್ಕಿಸಿ, ಅವುಗಳ ದುಂಡನೆಯ ಬೆನ್ನಿನ ಮೇಲೆ ಕಡಿವಾಣ, ಲಗಾಮು ಕೂರುವಂತೆ ಮಾಡಿದೆವು. ತೊಟ್ಟಿಲಿನ ಚೌಕಟ್ಟನ್ನು ತಿರುವಿ ನಿಲ್ಲಿಸಿ, ಮೇಲೆ ಗೋಣಿ ಸುತ್ತಿದಾಗ ಅದೇ ಜೀನು ಇಡುವ ಕುದುರೆಯಾಯಿತು. ಅದರಲ್ಲಿ ಮಲಗಿ ಬೆಳೆದ ತಮ್ಮನ ಮಕ್ಕಳಿಬ್ಬರೂ ಕಾಲೇಜಿಂದ ಬಂದು ನೋಡಿ ಒಂದಿಷ್ಟು ಹೊತ್ತು ನಕ್ಕರು. ಸೂರಿನಿಂದ ದೂಳು ಉದುರುವುದನ್ನು ತಡೆಯಲು ಚುನಾವಣೆಯ ಫ್ಲೆಕ್ಸನ್ನು ಜಂತೆಗೆ ಬಿಗಿದು ಕಟ್ಟಿದೆವು. ಅದರಲ್ಲಿದ್ದ ದೊಡ್ಡ ಮುಖ ಮೇಲಕ್ಕೋ ಕೆಳಕ್ಕೋ ಎಂಬ ಪ್ರಶ್ನೆ ಬಂದಾಗ ತಮ್ಮನ ಹೆಂಡತಿ, "ಮ್ಯಾಲಕ್ಕೇ ಇರ್ಲಿ. ನಾವ್ ಕೆಲ್ಸ ಮಾಡೋದ್ನ ಅವ್ರು ನೋಡ್ಕಂಡ್ ಮಲ್ಗಿರೋದ್ ಬ್ಯಾಡ," ಅಂದಳು. ಇಲಿಯ ಬಿಲಗಳಿಗೆ ಗಾಜಿನ ಚೂರು ತುಂಬಿ ಮಣ್ಣು ಮೆತ್ತಿದೆವು.

ಹೊಟ್ಟೆಪಟ್ಟಿಯ ಕೆಲಸ ನನ್ನ ಪಾಲಿಗೆ ಬಂತು. ಹೊಸ ಚರ್ಮ ತರುವ ಹಾಗಿರಲಿಲ್ಲ. ಮಿಕ್ಸಿ, ರ್‍ಯಾಕು, ಸೀಟು ಎಲ್ಲವನ್ನೂ ಆಟೋದಲ್ಲಿ ಹೇರಿಕೊಂಡು ಗುಜರಿ ಅಂಗಡಿಗೆ ಹೋದೆವು. ಅಂಗಡಿಯ ಸಾಹೇಬರಿಗೆ ನಮ್ಮ ಅಪ್ಪನ ಜಟಕಾ ನೆನಪಿತ್ತು. ಚಿಕ್ಕವರಿದ್ದಾಗ ಮದರಸಾಕ್ಕೆ ಅದರಲ್ಲೇ ಹೋಗುತ್ತಿದ್ದರಂತೆ. ಕಾರುಗಳ ಹಳೆಯ ಸೀಟ್ ಬೆಲ್ಟುಗಳ ಒಂದು ಗಂಟನ್ನೇ ನನ್ನ ಮುಂದಿಟ್ಟು, "ಯಾವ್ದು ಬೇಕೋ ಚುನ್ ಲೋ ಬೇಟಿ. ಆದ್ಮೀನ ಹಿಡ್ಕೊಳೋ ಪಟ್ಟಾ, ಘೋಡಾನ ಹಿಡಿಯಲ್ವಾ?" ಅಂದರು. ಸಾಮಾನಿಗೆ ಸಾಮಾನು ಎಂದು ಲೆಕ್ಕ ಮುಗಿಸಿ ಕಳಿಸಿದರು.

ಎರಡು ಬೆಲ್ಟನ್ನು ಒಂದರ ಮೇಲೊಂದಿಟ್ಟು ಹೊಲಿಯಬೇಕಾಗಿತ್ತು. ನಾನು ಇಷ್ಟು ವರ್ಷ ಮಷೀನು ತುಳಿದವಳು, ಅದಕ್ಕೆ ನನ್ನ ಸೂಜಿ ಇಳಿಯಲಿಲ್ಲ. ಅವ್ವ ತನ್ನ ಟ್ರಂಕಿನಿಂದ ದಬ್ಬಳ ತೆಗೆದಳು. ದಾರಕ್ಕೆ ಜೇನುಮೇಣ ಹಚ್ಚುವುದು, ಒಂದೇ ತೂತಿನಲ್ಲಿ ಎರಡು ಕಡೆಯಿಂದಲೂ ದಾರ ಎಳೆಯುವುದು, ಎಳೆದ ಮೇಲೆ ಹೆಬ್ಬೆರಳಿನಿಂದ ಒತ್ತಿ ಕೂರಿಸುವುದು, ಎಲ್ಲ ತೋರಿಸಿದಳು. ಅವಳ ಕಣ್ಣು ಮಂಜಾಗಿದ್ದರಿಂದ ದಬ್ಬಳಕ್ಕೆ ದಾರ ಪೋಣಿಸುವುದು ನನ್ನ ಕೆಲಸ. ಚಪ್ಪರದ ನೆರಳಿನಲ್ಲಿ ಇಬ್ಬರೂ ಎದುರುಬದುರು ಕೂತು, ಪಟ್ಟಿಯ ಆ ತುದಿ ಅವಳ ಕಾಲಡಿ, ಈ ತುದಿ ನನ್ನ ಕಾಲಡಿ ಇಟ್ಟುಕೊಂಡು ಹೊಲಿದೆವು. ನನಗೆ ಮೊದಲು ಸೂಜಿ ಹಿಡಿಯಲು ಕಲಿಸಿದವಳು ಅವಳೇ. ಆಮೇಲೆ ನಾನು ಟೈಲರಿಂಗ್ ಕ್ಲಾಸಿಗೆ ಹೋಗಿ, ಅವಳ ಹೊಲಿಗೆ ಒರಟು ಎಂದು ನಕ್ಕಿದ್ದೂ ಉಂಟು. ಈಗ ಹಾಗೆ ಒರಟಾಗಿ ಹೊಲಿಯಲು ನನ್ನ ಬೆರಳುಗಳು ಸೋಲುತ್ತಿದ್ದವು. ಮೆತ್ತೆಯನ್ನು ಬಿಚ್ಚಿ, ಹತ್ತಿಯನ್ನು ಬಿಸಿಲಿಗೆ ಹಾಕಿ ಹಿಂಜಿ, ಅವ್ವನ ಹಳೆಯ ಸೀರೆಯಿಂದ ಹೊಸ ಗವಸು ಹೊಲಿದೆ. ಬೆನ್ನಿನ ಮೂಳೆಯ ಮೇಲೆ ಭಾರ ಬೀಳದಂತೆ ನಡುವೆ ಕಾಲುವೆಯ ಹಾಗೆ ಖಾಲಿ ಬಿಡಬೇಕು ಎಂದು ಅವ್ವ ನನ್ನ ಕೈಲಿ ಬಿಚ್ಚಿಸಿ ಮತ್ತೆ ಹೊಲಿಸಿದಳು.

ಕೆಲಸ ಮುಗಿಸಿ ನಾನು ಮಧುಗಿರಿಗೆ ವಾಪಸಾದೆ. ಗಿರಾಕಿಗಳು ಕಾದು ಸಿಟ್ಟಾಗಿದ್ದರು. ಕೊರಟಗೆರೆಯ ಒಬ್ಬ ಮದುಮಗಳ ರವಿಕೆಗಳನ್ನಂತೂ ನಾನೇ ಬಸ್ಸಿನಲ್ಲಿ ಒಯ್ದು ಕೊಟ್ಟು ಬಂದೆ.

ಕುದುರೆಯ ಗಂಟು ಇಳಿದ ಮೇಲೆ ಬುಕ್ಕಾಪಟ್ಟಣದವರು ಬಂದರಂತೆ. ತಮ್ಮನ ಹೆಂಡತಿ ಫೋನಿನಲ್ಲಿ ಹೇಳಿದಳು. ಅವರು ಕುದುರೆಯ ಹಲ್ಲು ನೋಡಿದರು, ಕಾಲು ಎತ್ತಿ ನೋಡಿದರು, ಸಾಮಾನಿನ ಕೋಣೆಗೂ ಇಣುಕಿದರು. "ಇವೂ ಸೇರಿ ತಾನೇ?" ಎಂದು ಕೇಳಿದರಂತೆ. ತಮ್ಮ ಅವರಿಗೆ ಟೀ ಕೊಡಿಸಿದ. ಅವರು ಕುಡಿದು ಮುಗಿಸಿದ ಮೇಲೆ, "ಬೇಜಾರ್ ಮಾಡ್ಕಬೇಡಿ ಅಣ್ಣ. ಕುದ್ರೆ ಕೊಡಕ್ ಮನ್ಸಿಲ್ಲ," ಅಂದನಂತೆ. ಅವರು ಗೊಣಗುತ್ತಾ ಬೈಕು ಹತ್ತಿದರು.

ಮಳೆಗಾಲ ಕಳೆದು ಮತ್ತೆ ಮದುವೆಗಳು ಶುರುವಾದಾಗ ಮದಲೂರಿನಿಂದ ಒಂದು ಕರೆ ಬಂತು. ಅವತ್ತು ನಾನು ತವರಿನಲ್ಲೇ ಇದ್ದೆ, ಬ್ಯಾಂಡಿನವರ ವ್ಯಾನಿನಲ್ಲಿ ನಾನೂ ಹೋದೆ. ಕೆರೆಯಲ್ಲಿ ನೀರಿತ್ತು, ಏರಿಯ ಮೇಲೆ ತಂಪು ಗಾಳಿ. ಮದುಮಗ ನಮ್ಮ ತಮ್ಮನಿಗಿಂತ ದುಪ್ಪಟ್ಟು ದಪ್ಪ. ತಮ್ಮ ಹೊಟ್ಟೆಪಟ್ಟಿಯ ಕೆಳಗೆ ಬೆರಳು ತೂರಿಸಿ ನೋಡಿದ, ಮೆತ್ತೆ ಸರಿಪಡಿಸಿದ, ಕುದುರೆಯ ಕಿವಿಯ ಹತ್ತಿರ ಏನೋ ಹೇಳಿದ. ಮದುಮಗ ಹತ್ತಿ ಕೂತ. ಪಟ್ಟಿ ಒಮ್ಮೆ ಕಿರ್ ಎಂದು ಹಿಡಿದುಕೊಂಡಿತು. ಕುದುರೆ ತಲೆ ಎತ್ತಿ ಹೆಜ್ಜೆ ಹಾಕಿತು, ಗೆಜ್ಜೆಗಳು ಒಟ್ಟಿಗೆ ಸದ್ದು ಮಾಡಿದವು. ಹಿಂದೆ ನಡೆಯುತ್ತಿದ್ದ ಹೆಂಗಸರ ನಡುವೆ ಸೇರಿಕೊಂಡು ನಾನೂ ನಡೆದೆ. ಯಾರೋ, "ನೀವು ಗಂಡಿನ್ ಕಡೇರಾ, ಹೆಣ್ಣಿನ್ ಕಡೇರಾ?" ಅಂದರು.

"ಕುದ್ರೆ ಕಡೇಳು ಕಣಮ್ಮ," ಅಂದೆ. ಅವರು ನಕ್ಕು ನನ್ನ ಕೈಗೂ ಒಂದು ಗುಲಾಬಿ ಕೊಟ್ಟರು.

ಮನೆಗೆ ಬಂದಾಗ ಅವ್ವ ಹಿತ್ತಲಲ್ಲಿ ಕಾಯುತ್ತಿದ್ದಳು. ಮದುವೆ ಹೇಗಾಯಿತು, ಊಟ ಹೇಗಿತ್ತು, ಏನನ್ನೂ ಕೇಳಲಿಲ್ಲ. "ಬೆನ್ನು ಬೆವ್ರಿತ್ತಾ, ಎರಡೂ ಕಡೆ ಸಮ ಬೆವ್ರಿತ್ತಾ?" ಎಂದು ಕೇಳಿ, ಮೆತ್ತೆಯನ್ನು ತಿರುವಿ ನೋಡಿದಳು. ಎರಡೂ ಕಡೆ ಸಮನಾಗಿ ಒದ್ದೆಯಾಗಿತ್ತು. ತಮ್ಮ ಒಂದೊಂದೇ ಪಟ್ಟಿ ಬಿಚ್ಚಿ ಅವಳ ತೋಳಿಗೆ ಹಾಕಿದ. ಅವಳು ಒಳಗೆ ಹೋದಳು, ನಾನು ಹೊಂಗೆ ಎಣ್ಣೆಯ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತೆ.